ಎಡಗೈಗೆ ಸಿಗದ ಕನ್ನಡ

ಚಿಕ್ಕಮ್ಮನ ಗಂಟಲಿಗೆ ಆಪರೇಷನ್ ಆದ ಮೇಲೆ ಅವಳ ಧ್ವನಿ ಉಳಿದದ್ದು ನನ್ನ ಬಾಯಲ್ಲಿ ಮಾತ್ರ. ಪರ್ತ್‌ನಲ್ಲಾಗಲಿ ಅಡಿಲೇಡ್‌ನಲ್ಲಾಗಲಿ ಕನ್ನಡದವರ ಮನೆಗೆ ಕಾಲಿಟ್ಟರೆ ಸಾಕು, “ನಿಮ್ಮ ಚಿಕ್ಕಮ್ಮನ ಥರ ಮಾಡೋ” ಎಂದು ದುಂಬಾಲು ಬೀಳುತ್ತಿದ್ದರು. ನಾನು ಸೊಂಟದ ಮೇಲೆ ಕೈಯಿಟ್ಟು, ಅರ್ಧ ಸ್ವರ ಮೂಗಿನಿಂದ ಅರ್ಧ ಗಂಟಲಿನಿಂದ ತೆಗೆದು, “ಅಲ್ಲ ಕಣೋ, ಇದೇನು ಸಾರೋ, ಪಾತ್ರೆ ತೊಳೆದ ನೀರೋ?” ಎಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅತ್ತ ಡಾಕ್ಟರು ಇನ್ನು ಕೆಲವು ತಿಂಗಳು ಪಿಸುಗುಟ್ಟುವುದೂ ಬೇಡ, ಆಮೇಲೂ ಸ್ವರ ಎಷ್ಟು ಮರಳುತ್ತದೋ ಹೇಳಲಾರೆ ಎಂದಿದ್ದರು. ಅಸಲು ಅಂಗಡಿ ಬಾಗಿಲು ಮುಚ್ಚಿತ್ತು, ನಕಲಿ ಅಂಗಡಿಯ ವ್ಯಾಪಾರ ಜೋರಾಗಿತ್ತು.

ಚಿಕ್ಕಮ್ಮ ಅಡಿಲೇಡಿನ ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯಲ್ಲಿ ವೈರುಗಳನ್ನು ಜೋಡಿಸಿ ಕಂತೆ ಕಟ್ಟುವ ಕೆಲಸದಲ್ಲಿದ್ದಳು. ಆ ಕೆಲಸ ಅವಳಿಗೆ ಇಷ್ಟ. ಆಪರೇಷನ್ನಿನ ರಜ ಮುಗಿಯುತ್ತ ಬಂದಾಗ ಚಿಕ್ಕಪ್ಪ ಮತ್ತು ಬ್ರಿಸ್ಬೇನಿನ ಟೂವಾಂಗ್‌ನಲ್ಲಿದ್ದ ಅವರ ಮಗಳು, ನನ್ನ ಅಕ್ಕ, ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಚಿಕ್ಕಮ್ಮ ಕೆಲಸ ಬಿಡುವುದು, ಟೂವಾಂಗ್‌ಗೆ ಹೋಗಿ ಮೊಮ್ಮಗುವನ್ನು ನೋಡಿಕೊಂಡಿರುವುದು. “ಮಾತೇ ಬರದವಳು ಫ್ಯಾಕ್ಟರಿಗೆ ಹೋಗಿ ಏನ್ಮಾಡ್ತಾಳಪ್ಪ?” ಎಂದು ಚಿಕ್ಕಪ್ಪ ನನಗೆ ಫೋನಿನಲ್ಲಿ ಹೇಳಿದರು. ಚಿಕ್ಕಮ್ಮ ಏನೆಂದಳು ಎಂದು ಕೇಳಿದೆ. “ತಲೆ ಆಡಿಸಿದಳು” ಎಂದರು. ನಮ್ಮ ಜನ ತಲೆ ಆಡಿಸುವ ಚಂದ ಗೊತ್ತೇ ಇದೆ. ಅದನ್ನು ಹೌದು ಎಂದೂ ಓದಬಹುದು, ಅಲ್ಲ ಎಂದೂ ಓದಬಹುದು. ಚಿಕ್ಕಪ್ಪ ತಮಗೆ ಬೇಕಾದ ಹಾಗೆ ಓದಿಕೊಂಡಿದ್ದರು.

ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಅವರೇ ಅವಳಿಗೊಂದು ಹೊಸ ಫೋನು ತಂದುಕೊಟ್ಟಿದ್ದರು. ಆಗಷ್ಟೇ ಅಗಲದ ಫೋನುಗಳ ಹುಚ್ಚು ಎದ್ದಿದ್ದ ಕಾಲ. ಅದನ್ನು ಫೋನು ಎನ್ನುವುದಕ್ಕಿಂತ ಚಪಾತಿ ಮಣೆಯ ತಮ್ಮ ಎನ್ನುವುದು ಸರಿ. ಅದರಲ್ಲಿ ಕನ್ನಡ ಬರೆಯಲು ಒಳ್ಳೆಯ ಕೀಬೋರ್ಡ್ ಹುಡುಕಿ ಹಾಕಿಕೊಡುವ ಕೆಲಸ ನನ್ನ ತಲೆಗೆ ಬಂತು. “ನೀನು ಹುಡುಗ, ನಿನಗೆ ಗೊತ್ತಿರತ್ತೆ” ಎಂದರು ಚಿಕ್ಕಪ್ಪ. ನಾನು ಆಗ ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ ಒಂದು ಗೋದಾಮಿನಲ್ಲಿ ಡಬ್ಬಿಗಳ ಮೇಲಿನ ಬಾರ್‌ಕೋಡಿಗೆ ಗನ್ ಹಿಡಿದು ‘ಬೀಪ್’ ಅನ್ನಿಸುತ್ತಿದ್ದವನು. ನನ್ನ ತಾಂತ್ರಿಕ ಪಾಂಡಿತ್ಯ ಆ ಬೀಪಿಗೆ ಶುರುವಾಗಿ ಆ ಬೀಪಿಗೇ ಮುಗಿಯುತ್ತಿತ್ತು.

ಹಾಗಾಗಿ ನಾನು ಬಾಡಿಗೆಗಿದ್ದ ಮನೆಯ ಅಂಕಲ್‌ಗೆ ಶರಣಾದೆ. ಅವರು ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ. ‘ಬೇಸಿಕಲಿ’ ಎನ್ನದೆ ನೀರನ್ನೂ ಕೇಳುವವರಲ್ಲ.

“ಬೇಸಿಕಲಿ, ನೋಡಪ್ಪಾ, ಮೊದಲು ಯೂಸರ್ ಯಾರು ಅಂತ ಡಿಫೈನ್ ಮಾಡ್ಬೇಕು.”

“ನಮ್ಮ ಚಿಕ್ಕಮ್ಮ, ಅಂಕಲ್.”

“ಅದಲ್ಲ. ಬೇಸಿಕಲಿ, ಯಾವ ಟೈಪ್ ಯೂಸರ್?”

“ಬೈಯೋ ಟೈಪ್.”

ಆ ಭಾನುವಾರದ ಆರ್ವೋ, ಅಂದರೆ ಇಲ್ಲಿಯವರ ಮಧ್ಯಾಹ್ನ, ಅವರ ಹಿತ್ತಲಿನಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಕೂಟ, ಇತ್ತು. ಬಂದ ಕನ್ನಡದವರೆಲ್ಲ ಮೆಕ್ಕೆಜೋಳ ಸುಡುವುದನ್ನು ಬಿಟ್ಟು ನನ್ನ ಚಿಕ್ಕಮ್ಮನ ಕೀಬೋರ್ಡಿನ ಮೇಲೆ ಬಿದ್ದರು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಬೋರ್ಡೇ ಸರಿ ಎಂದು ಕೆಲವರು, ಕನ್ನಡದ್ದೇ ಗುಂಡಿಗಳಿರಬೇಕು ಎಂದು ಕೆಲವರು, ಪರದೆಯ ಮೇಲೆ ಬೆರಳಿನಲ್ಲಿ ಬರೆದುಬಿಡಲಿ ಎಂದು ಉಳಿದವರು. ಎಲ್ಲರೂ ಫೋನು ಎರಡೂ ಕೈಯಲ್ಲಿ ಹಿಡಿದು, ಎರಡು ಹೆಬ್ಬೆರಳಿನಲ್ಲಿ ಕುಟ್ಟುತ್ತ ಪಂದ್ಯ ಕಟ್ಟಿದರು. ಎಲ್ಲರೂ ಬರೆದದ್ದು ಒಂದೇ ವಾಕ್ಯ: ‘ನಮಸ್ಕಾರ, ಹೇಗಿದ್ದೀರಿ?’ ನನಗೆ ಮೈ ಉರಿಯಿತು. ಚಿಕ್ಕಮ್ಮ ಜನ್ಮದಲ್ಲಿ ಯಾರಿಗೂ ಅಂಥ ಮಾತು ಆಡಿದವಳಲ್ಲ. ಅವಳ ಮಾತು ಶುರುವಾಗುವುದೇ ‘ಅಲ್ಲ ಕಣೋ’ ಎಂದು. ಇದನ್ನು ಹೇಳಿದೆ. “ಹಾಗಾದ್ರೆ ಇಂಗ್ಲಿಷಲ್ಲೇ ಕನ್ನಡ ಬರೀಲಿ ಬಿಡೋ, ನಾವೆಲ್ಲ ಬರೆಯಲ್ವಾ?” ಎಂದು ಒಬ್ಬರು ಸಾಸೇಜು ತಿರುವುತ್ತ ತೀರ್ಪು ಕೊಟ್ಟರು. ಬರೆಯುತ್ತೀರಿ ಸ್ವಾಮಿ, ಅದನ್ನು ಓದುವಷ್ಟರಲ್ಲಿ ನನಗೆ ಅರ್ಧ ಆಯುಷ್ಯ ಕಳೆದಿರುತ್ತದೆ.

ರಾತ್ರಿ ಊಟವಾದ ಮೇಲೆ ಒಂದೊಂದೇ ಆ್ಯಪ್ ಇಳಿಸಿಕೊಂಡು ನೋಡಿದೆ. ನನ್ನ ಸಿಟ್ಟಿಗೆ ಇನ್ನಷ್ಟು ಸೌದೆ ಸಿಕ್ಕಿತು. ನಗುವ ಮುಖ, ಅಳುವ ಮುಖ, ಕನ್ನಡಕ ಹಾಕಿದ ಮುಖ ಎಲ್ಲಕ್ಕೂ ಜಾಗವಿದೆ, ಕನ್ನಡದ ಒತ್ತಕ್ಷರಕ್ಕೆ ಮಾತ್ರ ಮೂರು ಬಾಗಿಲು ದಾಟಿ ಹೋಗಬೇಕು. ಒಂದು ಆ್ಯಪು ಒಳಗೆ ಬರುವ ಮೊದಲೇ ‘ನೀವು ಬರೆಯುವುದನ್ನೆಲ್ಲ ನಾನು ಸಂಗ್ರಹಿಸಬಹುದು’ ಎಂದು ಎಚ್ಚರಿಸಿತು. ಚಿಕ್ಕಮ್ಮನ ಬೈಗುಳವನ್ನು ಸಂಗ್ರಹಿಸಿ ಇಟ್ಟುಕೊಳ್ಳುವ ಧೈರ್ಯ ಇರುವವರು ಇಟ್ಟುಕೊಳ್ಳಲಿ ಎಂದು ಒಪ್ಪಿದೆ. ಇನ್ನೊಂದು, ಪದದ ನಡುವೆ ಇಸ್ಪೀಟಿನ ಜಾಹೀರಾತು ಹಾಕಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಲು ಪರದೆಯನ್ನು ಎಳೆದೂ ಎಳೆದೂ ಬೆರಳು ಸವೆಯಬೇಕು. ಇಷ್ಟು ಕೋಟಿ ಜನ ಆಡುವ ಭಾಷೆಯನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವ ಇವರ ಧಿಮಾಕು ಏನು!

ಕೊನೆಗೆ ಅಂಕಲ್ ಮೆಚ್ಚಿದ, ಎಲ್ಲರೂ ಹೊಗಳಿದ್ದ ಕೀಬೋರ್ಡನ್ನೇ ಆರಿಸಿ, ರಜ ಹಾಕಿ ಅಡಿಲೇಡಿಗೆ ಹೋದೆ. ಚಿಕ್ಕಮ್ಮ ಬೇಗ ಕಲಿತಳು. ಫೋನನ್ನು ಮೇಜಿನ ಮೇಲೆ ಮಲಗಿಸಿ, ಎರಡು ಕೈಯ ತೋರುಬೆರಳಿನಲ್ಲಿ ಟಕಟಕ ಕುಟ್ಟಿ ನನಗೆ ಕಳಿಸಿದ ಮೊದಲ ಸಂದೇಶ: ‘ಅಲ್ಲ ಕಣೋ, ಆ ಗಡ್ಡ ಯಾವ ಹರಕೆಗೆ?’ ನಾನು ಗೆದ್ದೆ ಎಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮೇಜಿನ ನಡುವೆ ಚಿಕ್ಕಪ್ಪನ ಫೋನು, ಅದರ ಸ್ಪೀಕರಿನಲ್ಲಿ ಟೂವಾಂಗಿನಿಂದ ಅಕ್ಕ.

“ಅಮ್ಮ ಮುಂದಿನ ವಾರವೇ ಬರ್ತಾರೆ ತಾನೆ ಅಪ್ಪ?”

“ಬರ್ದೆ ಏನು? ಅವಳಿಗೆ ಮೊಮ್ಮಗು ಅಂದ್ರೆ ಪ್ರಾಣ.”

ಚಿಕ್ಕಮ್ಮನ ಬಲಗೈ ಹುಳಿಯನ್ನದಲ್ಲಿತ್ತು. ಎಂಜಲು ಕೈಯಲ್ಲಿ ಫೋನು ಮುಟ್ಟುವವಳಲ್ಲ ಅವಳು. ಎದ್ದಳು, ಸಿಂಕಿನಲ್ಲಿ ಕೈ ತೊಳೆದಳು, ಒರೆಸಿಕೊಂಡಳು, ಬಂದು ಕೂತು ಬರೆದಳು. ಅಷ್ಟರಲ್ಲಿ ಮಾತು ಬ್ರಿಸ್ಬೇನಿನ ಮಾವಿನಹಣ್ಣಿಗೆ ಹೋಗಿತ್ತು. ಅವಳು ಪರದೆಯನ್ನು ಚಿಕ್ಕಪ್ಪನ ಮುಂದೆ ಹಿಡಿದಳು. “ಆಮೇಲೆ ನೋಡ್ತೀನಿ, ಊಟ ಮಾಡು, ಆರೋಗತ್ತೆ” ಎಂದರು. ನಾನು ಬಗ್ಗಿ ನೋಡಿದೆ. ‘ಬರ್ತೀನಿ ಅಂತ ನಾನು ಯಾರಿಗೆ ಹೇಳಿದೆ?’ ಎಂದಿತ್ತು. ಸುಮ್ಮನಿರಲಾರದ ನಾಲಿಗೆ ನನ್ನದು. ಅದನ್ನು ಅವಳದೇ ಧ್ವನಿಯಲ್ಲಿ, ಮೂಗು ಗಂಟಲು ಸಮೇತ ಓದಿದೆ.

“ಅಯ್ಯೋ ಕೋತಿ, ಸೇಮ್ ಟು ಸೇಮ್ ಅಮ್ಮ!” ಎಂದು ಅಕ್ಕ ಅಲ್ಲಿಂದ ಕಿರುಚಿದಳು. ಚಿಕ್ಕಪ್ಪ ಕೆಮ್ಮು ಬರುವಷ್ಟು ನಕ್ಕರು. ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಚಿಕ್ಕಮ್ಮ ಮತ್ತೆ ಅನ್ನಕ್ಕೆ ಕೈಹಾಕಿದಳು. ಮಾತು ಮತ್ತೆ ಟೂವಾಂಗಿನ ಕೋಣೆಗೆ, ಅವಳ ಮಂಚ ಎಲ್ಲಿ ಹಾಕುವುದು ಎಂಬಲ್ಲಿಗೆ ಬಂತು. ಈ ಸಲ ಅವಳು ಏಳಲಿಲ್ಲ. ತಟ್ಟೆ ಪಾತ್ರೆಗಳ ನಡುವೆ ಫೋನು ಮಲಗಿಸಲು ಜಾಗವಿರಲಿಲ್ಲ, ಎಡಗೈಯಲ್ಲೇ ಎತ್ತಿ ಹಿಡಿದಳು. ಹೆಬ್ಬೆರಳು ಪರದೆಯ ಮಧ್ಯಕ್ಕೆ ಹೋಗಿ ನಿಂತಿತು. ಅವಳಿಗೆ ಬೇಕಾದ ಗುಂಡಿಗಳು ಆಚೆ ದಡದಲ್ಲಿದ್ದವು. ಇನ್ನಷ್ಟು ಚಾಚಿದಾಗ ಫೋನು ಜಾರಿ ಪಲ್ಯದ ಮೇಲೆ ಬಿತ್ತು. ಅವಳು ಅನ್ನ ಮೆತ್ತಿದ ಬಲಗೈಯನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. ಐದೂ ಬೆರಳು ಅಗಲಿಸಿ, ಅಲ್ಲಾಡಿಸಿ ತೋರಿಸಿದಳು.

ಆಗ ತಲೆಗೆ ಹೊಕ್ಕಿತು. ನಮ್ಮ ಮನೆಗಳಲ್ಲಿ ಮದುವೆ ಗಟ್ಟಿಯಾಗುವುದು, ಮನೆ ಕೊಳ್ಳುವುದು, ಯಾರನ್ನು ಎಲ್ಲಿಗೆ ಕಳಿಸುವುದು ಎಲ್ಲ ನಿರ್ಧಾರವಾಗುವುದು ಊಟಕ್ಕೆ ಕೂತಾಗ. ಆಗ ಬಲಗೈ ತಟ್ಟೆಯಲ್ಲಿರುತ್ತದೆ. ಚೀಟಿಯಲ್ಲಿ ಬರೆಯೋಣವೆಂದರೆ ಬರೆಯುವ ಕೈಯೂ ಅದೇ. ಉಳಿದದ್ದು ನೀರಿನ ಲೋಟ ಎತ್ತುವ ಎಡಗೈ ಒಂದೇ. ಈ ಆ್ಯಪು ಮಾಡಿದವರು ಫೋರ್ಕಿನಲ್ಲಿ ತಿನ್ನುವ ಜನ. ಫೋರ್ಕು ಕೆಳಗಿಟ್ಟರೆ ಎರಡು ಹೆಬ್ಬೆರಳೂ ಮಡಿ. ಅವರನ್ನಾದರೂ ಕ್ಷಮಿಸಬಹುದು. ಮನೆಯಲ್ಲಿ ಮೊಣಕೈವರೆಗೂ ಸಾರು ಹರಿಸಿಕೊಂಡು ಉಣ್ಣುವ ನಮ್ಮ ಪರ್ತ್ ಪಂಡಿತರಿಗೆ, ಅವರ ಬಾಲ ಹಿಡಿದು ಬಂದ ನನಗೆ, ಇದು ಹೊಳೆಯಲಿಲ್ಲವಲ್ಲ!

ಅಂದು ಸಂಜೆ ಒಂದು ಬಟ್ಟಲು ಮೊಸರನ್ನ ಕಲಸಿ, ಬಲಗೈ ಅದರಲ್ಲಿ ಅದ್ದಿ, ಎಡಗೈಯಲ್ಲಿ ಎಲ್ಲ ಕೀಬೋರ್ಡುಗಳನ್ನೂ ಮತ್ತೆ ಪರೀಕ್ಷೆಗೆ ಕೂರಿಸಿದೆ. ಎಡಗೈಯವರಿಗೆಂದು ಗುಂಡಿಗಳನ್ನು ಒಂದು ಬದಿಗೆ ಕುಗ್ಗಿಸುವ ಸೌಕರ್ಯ ಒಂದೆರಡರಲ್ಲಿ ಇತ್ತು. ಆದರೆ ಇಂಗ್ಲಿಷಿಗೆ ಮಾತ್ರ. ಕನ್ನಡಕ್ಕೆ ಬದಲಿಸಿದ ಕೂಡಲೇ ಮತ್ತೆ ಕಂಬಳಿ ಹಾಸಿದ ಹಾಗೆ ಪೂರ್ತಿ ಅಗಲ. ಕನ್ನಡದವರಿಗೆ ಎಡಗೈ ಇರುವುದಿಲ್ಲ ಎಂದು ಇವರಿಗೆ ಯಾರು ಹೇಳಿದರೋ. ಕಡೆಗೆ ಒಂದು ಸಿಕ್ಕಿತು. ಬೆಂಕಿಪೊಟ್ಟಣದ ಚಿತ್ರದಂಥ ಗುರುತು, ಬಣ್ಣಗೆಟ್ಟ ಗುಂಡಿಗಳು, ಕೆಳಗೆ ಜನರ ಶಾಪ. ಆದರೆ ಅದನ್ನು ಹಿಡಿದೆಳೆದು ಪರದೆಯ ಯಾವ ಮೂಲೆಗೆ ಬೇಕಾದರೂ ತಂದು, ಹೆಬ್ಬೆರಳಿಗೆ ಎಟಕುವಷ್ಟು ಚಿಕ್ಕದು ಮಾಡಬಹುದಿತ್ತು, ಕನ್ನಡದಲ್ಲೂ.

ಪರ್ತ್ ಅಂಕಲ್‌ಗೆ ಫೋನ್ ಮಾಡಿದೆ.

“ಅದಾ? ಅದರ ರೇಟಿಂಗ್ ತುಂಬ ಕಮ್ಮಿ ಕಣಪ್ಪ.”

“ಅಂಕಲ್, ನೀವು ಊಟ ಮಾಡ್ತಾ ಒಂದ್ಸಲ ಟೈಪ್ ಮಾಡಿ ನೋಡಿದ್ರಾ?”

“ಊಟ ಮಾಡ್ತಾ ಯಾಕೆ ಟೈಪ್ ಮಾಡ್ಬೇಕು?”

“ಊಟ ಮಾಡ್ತಾ ನೀವ್ಯಾಕೆ ಮಾತಾಡ್ತೀರಿ?”

“ಬೇಸಿಕಲಿ...” ಎಂದರು. ನಾನು ಅದನ್ನೇ ಚಿಕ್ಕಮ್ಮನ ಫೋನಿಗೆ ಹಾಕಿ, ಎಡಮೂಲೆಗೆ ಎಳೆದು ಕೊಟ್ಟೆ.

ನಾನು ಪರ್ತ್‌ಗೆ ಹೊರಡುವ ಮುನ್ನ ಅಕ್ಕ, ಭಾವ, ಮಗು ಬ್ರಿಸ್ಬೇನಿನಿಂದ ಬಂದಿಳಿದರು, ಚಿಕ್ಕಮ್ಮನನ್ನು ಕರೆದೊಯ್ಯಲು. ಎಲ್ಲರೂ ಊಟಕ್ಕೆ ಕೂತೆವು. ಮಗು ಜೋಲಿಯಲ್ಲಿ ನಿದ್ದೆ ಹೋಗಿತ್ತು.

“ಸೋಮವಾರ ನಾನೇ ಫ್ಯಾಕ್ಟರಿಗೆ ಫೋನ್ ಮಾಡಿ, ಇನ್ನು ಇವಳು ಬರಲ್ಲ ಅಂತ ಹೇಳ್ಬಿಡ್ತೀನಿ” ಎಂದು ಚಿಕ್ಕಪ್ಪ ತುಪ್ಪ ಹಾಕಿಕೊಂಡರು.

ತುಪ್ಪದ ಚಮಚ ಇನ್ನೂ ಗಾಳಿಯಲ್ಲಿತ್ತು. ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಮನೆಯವರ ಗ್ರೂಪಿನಲ್ಲಿ ಚಿಕ್ಕಮ್ಮ.

“ಏನೋ ಅದು, ಕನ್ನಡಕ ಇಲ್ಲ, ಓದೋ” ಎಂದರು ಚಿಕ್ಕಪ್ಪ.

ನಾನು ಎದ್ದೆ. ರೂಢಿಯಂತೆ ಎಡಗೈ ಸೊಂಟಕ್ಕೆ ಹೋಯಿತು. ನನ್ನ ಫೋನು ಮಾತ್ರ ಇನ್ನೊಮ್ಮೆ ಸದ್ದು ಮಾಡಿತು: ‘ನಿನ್ನ ಗಂಟಲಲ್ಲಿ ಓದು, ಕತ್ತೆ.’

ಓದಿದೆ. “ಫ್ಯಾಕ್ಟರಿಗೆ ನೀವು ಫೋನ್ ಮಾಡೋದು ಬೇಡ. ನಾನು ಕೆಲಸಕ್ಕೆ ವಾಪಸ್ ಹೋಗ್ತೀನಿ.” ನನ್ನ ಸ್ವಂತ ಧ್ವನಿ ಇಷ್ಟು ಸಪ್ಪೆ ಎಂದು ನನಗೇ ತಿಳಿದಿರಲಿಲ್ಲ. ಯಾರೂ ನಗಲಿಲ್ಲ.

“ಅಲ್ವೇ, ಮಾತು ಬರದೆ ಅಲ್ಲಿ ಹೇಗೆ...” ಎಂದು ಚಿಕ್ಕಪ್ಪ ಶುರುಮಾಡಿದರು. ಚಿಕ್ಕಮ್ಮನ ಬಲಗೈ ಅನ್ನ ಕಲಸುತ್ತಲೇ ಇತ್ತು. ಎಡಗೈಯ ಹೆಬ್ಬೆರಳು ಮೂಲೆಯಲ್ಲಿ ಕುಣಿಯಿತು.

ನಾನು ಓದಿದೆ: “ಅಲ್ಲಿ ಮಿಷಿನ್ ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡಿರ್ತಾರೆ. ಇಲ್ಲಿ ಮುಚ್ಚಿಕೊಳ್ಳದೆಯೇ ಕೇಳಿಸಲ್ಲ.”

ಭಾವ ತಟ್ಟೆ ನೋಡತೊಡಗಿದ. ಅಕ್ಕನ ಕಣ್ಣು ತುಂಬಿತು. ದುಃಖವೋ ಸಿಟ್ಟೋ ಗೊತ್ತಾಗಲಿಲ್ಲ. “ಹಾಗಾದ್ರೆ ಪಾಪುನ ಯಾರಮ್ಮ ನೋಡ್ಕೊಳ್ತಾರೆ?”

ಚಿಕ್ಕಮ್ಮ ಬರೆಯುತ್ತಿದ್ದಾಳೆ ಎಂದು ಎಲ್ಲರ ಪರದೆಯೂ ತೋರಿಸಿತು. ಈ ಸಲ ಉದ್ದದ್ದು. ಎಷ್ಟಾದರೂ ಒಂದೇ ಹೆಬ್ಬೆರಳು, ಒತ್ತಕ್ಷರಕ್ಕೆ ತಿಣುಕುತ್ತಿತ್ತು. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಎಂಜಲು ಕೈಯನ್ನೇ ಅಡ್ಡ ಹಿಡಿದು, “ಅಪ್ಪಾ, ಇರಿ. ಅಮ್ಮ ಮಾತಾಡ್ತಿದ್ದಾರೆ” ಎಂದಳು. ಕಾದೆವು. ಬೆರಳ ಮೇಲಿನ ಅನ್ನ ಒಣಗಿ ಬಿಗಿಯತೊಡಗಿತು. ಯಾರೂ ಮಾವಿನಹಣ್ಣಿನ ಮಾತೆತ್ತಲಿಲ್ಲ.

ಬಂತು. ಓದಿದೆ.

“ಕ್ರಿಸ್ಮಸ್ ರಜಕ್ಕೆ ಬರ್ತೀನಿ, ಪಾಪು ಜೊತೆ ಇರ್ತೀನಿ. ಉಳಿದ ದಿನಕ್ಕೆ ನೀವಿಬ್ಬರು ಗಂಡ ಹೆಂಡತಿ ಕೂತು ಮಾತಾಡಿ. ನಿಮಗೆ ಬಾಯಿ ಇದೆಯಲ್ಲ.”

ಭಾವ ತಲೆಯೆತ್ತದೆ, ಸ್ವಲ್ಪ ಮಜ್ಜಿಗೆ ಹಾಕು ಎಂದು ಅಕ್ಕನನ್ನು ಕೇಳಿದ.

“ಪಾತ್ರೆ ಅಲ್ಲೇ ಇದೆ, ಹಾಕ್ಕೊಳ್ಳಿ” ಎಂದಳು ಅಕ್ಕ. “ಹಾಕ್ಕೊಂಡು ಹೇಳಿ, ವಾರದಲ್ಲಿ ಎಷ್ಟು ದಿನ ನೀವು ಮನೇಲಿರ್ತೀರಿ?”

ಚಿಕ್ಕಮ್ಮ ಫೋನು ಪಕ್ಕಕ್ಕಿಟ್ಟು, ಎಡಗೈಯಲ್ಲಿ ಲೋಟ ಎತ್ತಿ ನೀರು ಕುಡಿದಳು.