ಕುಂದ್ರೋ ಸಜಾ

ವೀಸಾ ಫಾರಂನಲ್ಲಿದ್ದ ಪ್ರಶ್ನೆ ಒಂದೇ ಸಾಲಿನದು. ಯಾವ ದೇಶದಲ್ಲೇ ಆಗಲಿ, ಎಷ್ಟು ವರ್ಷದ ಹಿಂದೆಯೇ ಆಗಲಿ, ನಿಮಗೆ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೇ? ಮುಂದೆ ಯೆಸ್, ನೋ ಎಂಬ ಎರಡು ಚೌಕ. ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾವೆಲ್ ಏಜೆಂಟನ ಅಂಗಡಿಯಲ್ಲಿ ನಾನೂ ನನ್ನ ಗೆಳತಿಯೂ ಕೂತಿದ್ದೆವು. ನಾನು ಶಹಾಬಾದಿನಿಂದ ಬಂದಿದ್ದೆ, ಅವಳು ಚಿಂಚೋಳಿಯ ಚಂದಾಪುರದಿಂದ. ಇಬ್ಬರಿಗೂ ಸೇಡಂ ನಡುವಿನ ಊರು. ಏಜೆಂಟ್ ನನ್ನನ್ನು ಕೇಳದೆಯೇ ನೋ ಎಂಬ ಚೌಕದ ಮೇಲೆ ಟಕ್ ಎಂದು ಒತ್ತಿದ.

“ತಡಿಯಪ್ಪಾ,” ಎಂದೆ. “ನನಗ ಸಜಾ ಆಗ್ಯದ.”

ಅವನು ನನ್ನ ಬಿಳಿ ಕೂದಲು ನೋಡಿದ, ಇಳಕಲ್ ಸೀರೆ ನೋಡಿದ. “ಚಾಷ್ಟಿ ಮಾಡಬ್ಯಾಡ್ರಿ ಅಕ್ಕೋರೆ.”

“ಚಾಷ್ಟಿ ಅಲ್ಲೋ, ಖರೇನ ಹೇಳಾಕತ್ತಾಳ,” ಎಂದು ಗೆಳತಿ ನಕ್ಕಳು. “ಚಿತ್ತಾಪುರ ಕೋರ್ಟಿನ್ಯಾಗ ಸಂಜಿತನಕ ಕುಂತು ಬಂದಾಕಿ ಇಕಿ. ಕುಂದ್ರೋ ಸಜಾ!”

“ಹಂಗಾರ ಅದೇನ್ ಸಜಾ ಬಿಡ್ರಿ! ನಾವು ತಹಶೀಲ್ದಾರ್ ಆಫೀಸಿನ್ಯಾಗ ದಿನಾ ಕುಂದರ್ತೀವಿ.” ಮೂವರೂ ನಕ್ಕೆವು. ನಾನೂ ನಕ್ಕೆ. ಅದನ್ನು ಇಲ್ಲಿ ಬರೆದುಬಿಡಬೇಕು.

ನಮ್ಮ ಮನೆಯಲ್ಲಿ ಆ ಮಾತು ಹುಟ್ಟಿದ್ದು ನಮ್ಮ ಅಪ್ಪನ ಬಾಯಲ್ಲಿ. ಕೋರ್ಟಿನ ಕಾಗದದಲ್ಲಿ ಇದ್ದದ್ದು ‘ನ್ಯಾಯಾಲಯ ಏಳುವವರೆಗೆ ಸಾದಾ ಸಜೆ’ ಎಂದು. ಜಡ್ಜ್ ಸಾಹೇಬರು ಕುರ್ಚಿಯಿಂದ ಏಳುವ ತನಕ ನಾನು ಹಿಂದಿನ ಬೆಂಚಿನ ಮೇಲೆ ಕೂತಿರಬೇಕು, ಅಷ್ಟೇ. ಜೊತೆಗೆ ಸಣ್ಣ ದಂಡ. ಕಾನೂನಿನ ಲೆಕ್ಕದಲ್ಲಿ ಅದು ಇಂಪ್ರಿಸನ್‌ಮೆಂಟ್. ನಮ್ಮ ಲೆಕ್ಕದಲ್ಲಿ ಕುಂದ್ರೋದು. ಅವ್ವ ಡಬ್ಬಿಯಲ್ಲಿ ಅವಲಕ್ಕಿ ಕಳಿಸಿದ್ದಳು, ಪೇದೆ ಫ್ಯಾನಿನ ಕೆಳಗಿನ ಜಾಗ ತೋರಿಸಿದ್ದ. ನಾನು ಒಂದು ಇಂಗ್ಲಿಷ್ ನಾವೆಲ್ ಓದಿ ಮುಗಿಸಿದೆ. ಆಮೇಲೆ ಸುಮಾರು ಐವತ್ತು ವರ್ಷ ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಇದೇ ನನ್ನ ಪಾರ್ಟಿ ಪೀಸ್. “ಐ ಹ್ಯಾವ್ ಬೀನ್ ಟು ಪ್ರಿಸನ್, ಯು ನೋ,” ಎಂದು ಶುರು ಮಾಡಿದರೆ ಚಹಾ ತಣ್ಣಗಾಗುವವರೆಗೆ ಜನ ನಗುತ್ತಿದ್ದರು. ವಾಡಿ ಪ್ಯಾಸೆಂಜರ್ ರೈಲಿನಲ್ಲಿ ಸೀಟಿಗಾಗಿ ಜಗಳ, ಕಾನ್ವೆಂಟ್ ಹುಡುಗಿ ಟಿಫಿನ್ ಕ್ಯಾರಿಯರ್ ಬೀಸಿದ್ದು, ಟಿಫಿನ್ನಿಗೆ ನೆಗ್ಗು ಬಿದ್ದದ್ದು. ಆ ನೆಗ್ಗಿದ ಟಿಫಿನ್ ಇನ್ನೂ ನನ್ನ ಅಡುಗೆಮನೆಯಲ್ಲಿದೆ. ಅದರಲ್ಲಿ ಮೆಂತ್ಯ ಇಡುತ್ತೇನೆ.

ಆ ದಿನ ಏಜೆಂಟ್ ನೋ ಒತ್ತಿದ್ದರೆ ಒತ್ತಿದ್ದ, ಸುಮ್ಮನಿರಬಹುದಿತ್ತು. ಆದರೆ ಹೈದರಾಬಾದಿನ ಬೋರ್ಡಿಂಗ್ ಸ್ಕೂಲಿನಲ್ಲಿ ಸಿಸ್ಟರುಗಳು ನಮಗೆ ಫಾರಂ ತುಂಬುವುದನ್ನು ಪ್ರಾರ್ಥನೆಯಷ್ಟೇ ಶಿಸ್ತಿನಿಂದ ಕಲಿಸಿದ್ದರು. ಅಲ್ಲಿನ ಊಟದ ಹಾಲಿನಲ್ಲಿ ಒಂದು ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು: ಇಂಗ್ಲೆಂಡಿನ ಒಂದು ಸರೋವರ, ದಂಡೆಯಲ್ಲಿ ಕಲ್ಲಿನ ಗೋಡೆ, ನಾಲ್ಕು ಕುರಿ. ವರ್ಷ ಕಳೆದರೂ ಯಾರೂ ಅದನ್ನು ತೆಗೆಯಲಿಲ್ಲ. ಪಕ್ಕಪಕ್ಕದ ಮಂಚದ ನಾವಿಬ್ಬರೂ ಒಂದು ದಿನ ಅಲ್ಲಿಗೆ ಹೋಗೋಣ ಎಂದು ಪ್ರಾಮಿಸ್ ಮಾಡಿದ್ದೆವು. ಹುಡುಗಿಯರ ಮಾತು. ಈಗ ಗೆಳತಿಯ ಕಣ್ಣಿನ ಪರದೆ ಸವೆಯುತ್ತಿದೆ. ನೋಡುವುದಿದ್ದರೆ ಈ ವರ್ಷವೇ ನೋಡಿಬಿಡಿ ಎಂದು ಡಾಕ್ಟರ್ ಹೇಳಿಯಾಗಿತ್ತು. ನನ್ನನ್ನು ಬಿಟ್ಟು ಅವಳು ಹೋಗುವಂತಿರಲಿಲ್ಲ. ಯೆಸ್ ಎಂದರೆ ನನ್ನ ವೀಸಾ ತಪ್ಪಬಹುದು, ಅದರೊಂದಿಗೆ ಅವಳ ಸರೋವರವೂ.

“ಕೋರ್ಟಿನ ಕಾಗದ ತಗೊಂಡು ಬರ್ತೀನಿ,” ಎಂದೆ.

ಚಿತ್ತಾಪುರ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ ನನ್ನ ಅರ್ಜಿಯನ್ನು ಎರಡು ಸಲ ಓದಿದ. ವಾಸನೆ ಮಾತ್ರ ಬದಲಾಗಿರಲಿಲ್ಲ: ಧೂಳು, ಗೋಂದು, ಎಲೆಯಡಿಕೆ.

“ಅಷ್ಟು ಹಳೀ ಫೈಲ್ ಎಲ್ಲಾ ನಾಶ ಮಾಡ್ಯಾರ್ರಿ ಬಾಯಾರ. ಖುಷಿ ಪಡ್ರಿ. ಮಂದಿ ತಮ್ಮ ಕೇಸಿನ ಕಾಗದ ಹರೀರಿ ಅಂತ ಬರ್ತಾರ, ನೀವು ಹುಡುಕ್ರಿ ಅಂತ ಬಂದೀರಿ.”

“ಕಾಗದ ಇಲ್ಲಂದ್ರ ನಾ ಏನಂತ ಬರೀಲಿ?”

“ಕಾಗದ ಇಲ್ಲಂದ್ರ ಗುನ್ಹೆನೇ ಇಲ್ಲರಿ. ಗಂಗಾಸ್ನಾನ ಆದಂಗ ಆತು, ಹೋಗಿ ಬರ್ರಿ.”

ಹೊರಗೆ ಬಂದರೆ ಆ ಬೆಂಚು ವರಾಂಡದಲ್ಲಿತ್ತು. ಅದೇ ಬೆಂಚೋ, ಅದರಂಥದೋ. ಅದರ ಮೇಲೆ ಕೂತವಳು ಕೂಡಲೇ ಎದ್ದುಬಿಟ್ಟೆ. ಯಾಕೆಂದರೆ ಕಾಗದ ಸಿಕ್ಕಿದ್ದರೂ ಅದರಲ್ಲಿ ಸುಳ್ಳೇ ಇರುತ್ತಿತ್ತು ಎಂದು ನನಗೆ ಗೊತ್ತಿತ್ತು.

ನಡೆದದ್ದು ಇದು. ನನಗೆ ಆಗ ಇಪ್ಪತ್ತೆರಡು. ವಾಡಿಯ ಒಂದು ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ, ಶಹಾಬಾದಿನಿಂದ ದಿನಾ ಪ್ಯಾಸೆಂಜರ್ ಗಾಡಿ. ಅಪ್ಪ ಮಠದ ಪೂಜೆಗೆ ಹೋಗುತ್ತಿದ್ದವರು, ಅವ್ವ ಮಡಿಯಲ್ಲಿ ಅಡುಗೆ ಮಾಡಿ ನನ್ನ ಡಬ್ಬಿ ಕಟ್ಟುತ್ತಿದ್ದಳು. ಆ ಬೆಳಿಗ್ಗೆ ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟು ಕೂತಿದ್ದೆ. ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಗೆ ಹೋಗುವ ಒಬ್ಬ ಹೆಂಗಸು ಹತ್ತಿದಳು, ಕೈಗೆಲ್ಲ ತೊಳೆದರೂ ಹೋಗದ ಕಲ್ಲಿನ ಪುಡಿ. “ಸ್ವಲ್ಪ ಸರೀರಿ ಯವ್ವಾ,” ಎಂದಳು. ನಾನು ಕೇಳದವಳಂತೆ ಕಿಟಕಿ ನೋಡಿದೆ. ಅವಳು ಡಬ್ಬಿಯನ್ನು ಎರಡೂ ಕೈಯಿಂದ ಜೋಪಾನವಾಗಿ ಎತ್ತಿ ನನ್ನ ಕಾಲ ಹತ್ತಿರ ಇಟ್ಟು ಕೂತಳು. ಅಷ್ಟೇ. ಸೀಟಿಗಾಗಿ ಜಗಳವೇ ಆಗಲಿಲ್ಲ. “ಮುಟ್ಟಿದಿ!” ಎಂದು ಚೀರಿದೆ. ಡಬ್ಬಿಯನ್ನೇ ಎತ್ತಿ ಅವಳ ಹಣೆಗೆ ಬೀಸಿದೆ.

ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಅವಳ ಜೊತೆಯ ಗಣಿಯ ಮಂದಿ ವಾಡಿಯಲ್ಲಿ ಗಾಡಿ ಬಿಡಲಿಲ್ಲ, ಹಾಗಾಗಿ ಕೇಸಾಯಿತು. ಅಪ್ಪ ಹಿಡಿದ ವಕೀಲರು ಮೊದಲ ದಿನವೇ ಹೇಳಿದರು: “ಮುಟ್ಟಿದ್ದು ಗಿಟ್ಟಿದ್ದು ಬಾಯಾಗ ಬರಬಾರದು ತಂಗಿ, ಕಲಂ ಬ್ಯಾರೆ ಆಗ್ತಾವ. ಸೀಟಿನ ತಂಟಿ ಅನ್ನು. ತಪ್ಪಾತು ಅನ್ನು. ಕುಂತು ಎದ್ದು ಮನಿಗೆ ನಡಿ.” ನಾನು ಹಾಗೇ ಅಂದೆ, ಸ್ವಚ್ಛ ಉಚ್ಚಾರದಲ್ಲಿ. ಆ ಹೆಂಗಸು ಬಾಗಿಲ ಬಳಿ ನಿಂತಿದ್ದಳು. ಸಾಹೇಬರು ಏಳುವ ತನಕ ಅವಳೂ ನಿಂತೇ ಇದ್ದಳು. ಅವಳಿಗೆ ಕುಂದ್ರು ಎಂದು ಯಾರೂ ಹೇಳಲಿಲ್ಲ.

ಇದನ್ನು ನಾನು ಮರೆತಿರಲಿಲ್ಲ, ನಗುವಿನ ಕೆಳಗೆ ಮುಚ್ಚಿಟ್ಟಿದ್ದೆ. ಕೆಟ್ಟ ಸಾರಿಗೆ ಒಗ್ಗರಣೆ ಜಾಸ್ತಿ ಹಾಕುತ್ತಾರಲ್ಲ, ಹಾಗೆ.

ಸೇಡಂಗೆ ಮತ್ತೆ ಹೋಗಿ ಯೆಸ್ ಒತ್ತಿಸಿದೆ. “ವಿವರ ಬರೆಯಿರಿ” ಎಂಬ ಬಾಕ್ಸ್ ತೆರೆಯಿತು. ಏಜೆಂಟನನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಟೈಪ್ ಮಾಡಿದೆ, ಒಂದೊಂದೇ ಬೆರಳಿನಲ್ಲಿ. ಸೀಟು ಎಂಬ ಪದ ಬರದಂತೆ ನೋಡಿಕೊಂಡೆ. ಅವಳು ನನ್ನ ಊಟದ ಡಬ್ಬಿ ಮುಟ್ಟಿದಳು, ಅದಕ್ಕೆ ಹೊಡೆದೆ: ಶಿ ಟಚ್ಡ್ ಮೈ ಫುಡ್, ಅಂಡ್ ಸೋ ಐ ಸ್ಟ್ರಕ್ ಹರ್. ಗೆಳತಿ ಸ್ಕ್ರೀನಿಗೆ ಮೂಗು ತಾಗಿಸಿದರೂ ಓದಲಾಗಲಿಲ್ಲ. ನಾನೇ ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಹೇಳಿದೆ. ಅವಳು ಈ ಸಲ ನಗಲಿಲ್ಲ. “ಕಳಿಸು,” ಎಂದಳು, ಅಷ್ಟೇ.

ಏಜೆಂಟ್ ಮಾತ್ರ ಹಣೆ ಚಚ್ಚಿಕೊಂಡ. “ಹರಿಶ್ಚಂದ್ರನ ಅಕ್ಕ ಅದೀರಿ ನೀವು. ವೀಸಾ ಬರಲಿಲ್ಲಂದ್ರ ನನಗ ಬಯ್ಯಬ್ಯಾಡ್ರಿ ಮತ್ತ.”

ವೀಸಾ ಬಂತು. ಇಬ್ಬರಿಗೂ. ಒಂದು ಪ್ರಶ್ನೆಯೂ ಇಲ್ಲದೆ. ನಾನು ನಾಲ್ಕು ರಾತ್ರಿ ನಿದ್ದೆಗೆಟ್ಟು ಬರೆದ ಸತ್ಯವನ್ನು ಯಾರಾದರೂ ಓದಿದರೋ ಇಲ್ಲವೋ. ನನಗೆ ಆದದ್ದು ಸಂತೋಷ, ಶುದ್ಧ ಸಂತೋಷ. ಬೂಟು ಕೊಂಡೆ, ಉಲ್ಲನ್ ಕೋಟು ಕೊಂಡೆ.

ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಆಫೀಸರ್ ಗಾಜಿನ ಹಿಂದೆ ಕೂತಿದ್ದಳು, ಕೆಂಪು ಕೆನ್ನೆಯ ಹುಡುಗಿ. ಕಂಪ್ಯೂಟರಿನಲ್ಲಿ ನನ್ನ ಹೆಸರು ಹೊಡೆದು, ಏನನ್ನೋ ಓದಿ ತಲೆಯೆತ್ತಿದಳು. ಓದಿದವರು ಒಬ್ಬರಾದರೂ ಸಿಕ್ಕರು.

“ನಿಮ್ಮ ಲಂಚ್ ಮುಟ್ಟಿದ್ದಕ್ಕೆ ಹೊಡೆದಿರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಯೆಸ್.”

ಅವಳ ಮುಖ ಅರಳಿತು. “ನನ್ನ ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದ್ದರೆ ನಾನೂ ಬಿಡುತ್ತಿರಲಿಲ್ಲ, ಡಿಯರ್!”

ಟಚ್ ಎಂಬ ಪದಕ್ಕೆ ಆ ದೇಶದಲ್ಲಿ ಅಷ್ಟೇ ಅರ್ಥ: ಕೈ ತಾಗುವುದು, ಬಹಳವೆಂದರೆ ಕದಿಯುವುದು. ನನ್ನ ‘ಮುಟ್ಟಿದಿ’ ಅದರೊಳಗೆ ಇಳಿಯಲೇ ಇಲ್ಲ. ನಾನು ಬರೆದ ಒಂದೇ ಸಾಲಿನಲ್ಲಿ ಗಣಿಯ ಹೆಂಗಸು ಕಳ್ಳಿಯಾಗಿಬಿಟ್ಟಿದ್ದಳು. ಹೇಳಬಹುದಿತ್ತು. ಇಲ್ಲ, ಆಕೆ ಏನೂ ಕದಿಯಲಿಲ್ಲ, ಆಕೆಯ ಕೈ ಕೊಳೆ ಎಂದು ನನಗೆ ಹುಟ್ಟಿನಿಂದ ಹೇಳಿಕೊಟ್ಟಿದ್ದರು ಎಂದು. ನನ್ನ ಇಂಗ್ಲಿಷ್ ಅದಕ್ಕೆ ಸಾಕಾಗುತ್ತಿತ್ತು. ಇಷ್ಟು ವರ್ಷ ಅದನ್ನೇ ಕಲಿಸಿ ತಿಂದವಳು. ಹಿಂದೆ ಕ್ಯೂ ಇತ್ತು, ಗೆಳತಿ ನನ್ನ ತೋಳು ಹಿಡಿದಿದ್ದಳು, ಮುದ್ರೆ ಇನ್ನೂ ಬಿದ್ದಿರಲಿಲ್ಲ. ನಾನು ನಕ್ಕೆ. ಹಳೆಯ ಪಾರ್ಟಿ ನಗು, ಅಭ್ಯಾಸದ ನಗು. “ಇಟ್ ವಾಸ್ ಎ ವೆರಿ ಗುಡ್ ಲಂಚ್,” ಎಂದೂ ಸೇರಿಸಿದೆ. ಅವಳು ಮುದ್ರೆ ಒತ್ತಿ, ಹ್ಯಾವ್ ಎ ಲವ್ಲಿ ಹಾಲಿಡೇ ಎಂದಳು.

ಮರುದಿನ ಸರೋವರದ ದಂಡೆಯಲ್ಲಿ, ಕ್ಯಾಲೆಂಡರಿನಂಥದೇ ಕಲ್ಲಿನ ಗೋಡೆಯ ಮೇಲೆ ಕೂತಾಗ, ಗೆಳತಿ ನೀರಿನ ಕಡೆ ಮುಖ ಮಾಡಿಯೇ ಕೇಳಿದಳು.

“ಕುರಿ ಅದಾವೇನ?”

“ಅದಾವ. ಆ ಕಡೆ, ಒಂದು ಹತ್ತಿರಬೇಕು.”

“ಬೆಳ್ಳಗ ಏನೋ ಕಾಣಸ್ತದ, ಸಾಕು ಬಿಡು.” ಗೋಡೆಯ ಅಂಚು ಸವರುತ್ತ ಎಂದಳು, “ರಜಾದಾಗ ನಿಮ್ಮ ಮನಿಗೆ ಬರ್ತಿದ್ನೆಲ್ಲ, ನನಗ ಬ್ಯಾರೆ ತಾಟು ಇಡ್ತಿದ್ರು. ಅಂಚಿನ್ಯಾಗ ಒಂದು ಗೆರಿ ಕೊರದಿದ್ರು, ಗುರುತಿಗೆ.”

ಒಕ್ಕಲುತನದವರ ಮಗಳು ಅವಳು. ಆ ಗೆರೆ ನನಗೆ ನೆನಪಿತ್ತು. ಅವಳು ನೋಡಿರಲಿಲ್ಲ ಎಂದುಕೊಂಡಿದ್ದೆ, ಅರವತ್ತು ವರ್ಷ.

“ಯಾಕ ಅನ್ನಲಿಲ್ಲ?”

“ನೀ ಯಾಕ ಅನ್ನಲಿಲ್ಲ?” ಎಂದಳು. “ನಿನ್ನೀನೂ ಹಲ್ಲು ಕಿಸದಿ. ಥೂ, ನಿನ್ನ ಆ ನಗಿ ಕೇಳಿದ್ರ ಈಗ ವಾಕರಿಕಿ ಬರ್ತದ ನೋಡು.”

ನನಗೂ ಬರುತ್ತಿತ್ತು. ಎದ್ದು, ದಂಡೆಯ ಅಂಗಡಿಯಿಂದ ಎರಡು ಚಹಾ ತಂದೆ, ಕಾಗದದ ಲೋಟಗಳಲ್ಲಿ. ಗೋಡೆಯ ಮೇಲೆ ಇಬ್ಬರ ನಡುವೆ ಇಟ್ಟೆ. ಅವಳು ಕೈ ಚಾಚಿ ತಡಕಾಡಿದಳು, ಬೆರಳು ಒಂದು ಲೋಟಕ್ಕೆ ತಾಗಿತು, ಆಮೇಲೆ ಇನ್ನೊಂದಕ್ಕೆ.

“ನಂದು ಯಾವುದು?” ಎಂದು ಕೇಳಿದಳು. ಕಣ್ಣು ಕಾಣದೆ ಕೇಳಿದಳೋ, ಬೇಕೆಂದೇ ಕೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಎರಡೂ ಒಂದೇ ಥರ ಇದ್ದವು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.