ಅಣ್ಣನ ಕುರ್ಚಿ ಇದ್ದ ಜಾಗ

ಇಪ್ಪತ್ತೆಂಟು ವರ್ಷದಿಂದ ನಿಂತೇ ಕೂದಲು ಕತ್ತರಿಸುವ ಕ್ಷೌರಿಕನಿಗೆ ಈಗೀಗ ಮಧ್ಯಾಹ್ನಕ್ಕೇ ಕಾಲು ಸೋತು ಹೋಗುತ್ತದೆ. ಅದರ ಮೇಲೆ ಈ ನಾಯಿಮರಿ ಬೇರೆ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಅಂಗಡಿಯ ಮುದಿನಾಯಿ ಊಟ ಬಿಟ್ಟಿತ್ತು. ಅದಕ್ಕೊಂದು ಜೊತೆಯಿರಲಿ ಅಂತ ಅತ್ತಿಗೆ ತಂದು ಬಿಟ್ಟ ಶನಿ ಇದು. ಗುಡಿಸಿ ಒಟ್ಟಿದ ಕೂದಲಲ್ಲೇ ಹೊರಳಾಡಿ, ಸೀನಿ, ಮತ್ತೆ ಅಂಗಡಿ ತುಂಬಾ ಹರಡುತ್ತದೆ. ಬೈದು ಬೈದು ಇವನಿಗೆ ಬಾಯಿ ನೋವು ಬಂದದ್ದೇ ಲಾಭ.

ಅಣ್ಣನ ಕುರ್ಚಿ ಮಾರಿ ತಿಂಗಳಾಯಿತು. ಕಣ್ಣು ಕಾಣದ ಮುದಿನಾಯಿ ಇನ್ನೂ ಆ ಜಾಗಕ್ಕೆ ಸುತ್ತು ಹಾಕಿಕೊಂಡೇ ನಲ್ಲಿ ಕೆಳಗಿನ ಬಟ್ಟಲಿಗೆ ಹೋಗುತ್ತದೆ. ಕುರ್ಚಿಯನ್ನು ಒಮ್ಮೆಯೂ ನೋಡಿರದ ಮರಿಯೂ ಅದರ ಬಾಲದ ಹಿಂದೆ ಹಾಗೇ ಸುತ್ತುತ್ತದೆ.

“ಬರೀ ನೆಲ ಸುತ್ತೋದನ್ನ ಇದಕ್ಕೂ ಕಲಿಸಿದೆಯಲ್ಲೋ,” ಎಂದು ಮುದಿನಾಯಿಗೆ ಗೊಣಗುತ್ತಾ ಕ್ಷೌರಿಕ ನಲ್ಲಿಯಿಂದ ನೀರು ಹಿಡಿದು ತಂದ.

ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ನಿವೃತ್ತ ಮೇಷ್ಟ್ರು ಕನ್ನಡಿಯಲ್ಲೇ ಅವನನ್ನು ನೋಡುತ್ತಿದ್ದರು.

“ಅವೆರಡು ಹಾಗಿರಲಿ. ನೀನ್ಯಾಕಪ್ಪ ಸುತ್ತಿಕೊಂಡು ಬಂದೆ?”