ಮೂರು ದಿನದ ಮದ್ದು

ನೀರಾಟದ ಪಾರ್ಕಿಗೆ ಹೊರಡುವವರು ಬುತ್ತಿ ಕಟ್ಟುತ್ತಾರೆ, ಬದಲಿ ಬಟ್ಟೆ ತುಂಬಿಸುತ್ತಾರೆ. ಲಾಯಿಲದ ಹರಿಣಾಕ್ಷಿ ಚೀಲಕ್ಕೆ ತುಂಬಿಸಿದ್ದು ಥರ್ಮಾಮೀಟರ್, ನಾಲ್ಕು ಮಾಸ್ಕ್, ಸ್ಯಾನಿಟೈಸರ್, ಕುದಿಸಿ ಆರಿಸಿದ ನೀರು ಮತ್ತು ಮಂಗಳೂರಿನ ಆಸ್ಪತ್ರೆಯ ದಪ್ಪ ಫೈಲು. ಹಿಂದಿನ ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ. ಹತ್ತು ವರ್ಷದ ಮಗಳು ದೀಪಶ್ರೀ ಮಾತ್ರ, ಕೂದಲು ಈಗಷ್ಟೇ ಚಿಗುರುತ್ತಿದ್ದ ತಲೆಗೆ ಟೊಪ್ಪಿ ಹಾಕಿಕೊಂಡು, ಆಗಲೇ ಓಮ್ನಿಯ ಬಾಗಿಲ ಬಳಿ ನಿಂತಿದ್ದಳು.

ದೀಪಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಒಂದೂವರೆ ವರ್ಷ. ಆ ಮಾತನ್ನು ಮನೆಯವರು ಯಾರೂ ಹೊರಗೆ ಆಡಿರಲಿಲ್ಲ. ಗಂಡ ಅಶೋಕನ ತಂಗಿಗೆ ಆಗ ಕಲ್ಲಡ್ಕದ ಕಡೆಯಿಂದ ಸಂಬಂಧ ಬಂದಿತ್ತು. "ಈ ಮನೆಯ ರಕ್ತದಲ್ಲೇ ಇಂಥ ಕಾಯಿಲೆ ಉಂಟು ಅಂತ ಗೊತ್ತಾದ್ರೆ ಅವರು ಹಿಂದೆ ತಿರುಗಿ ನೋಡ್ಲಿಕ್ಕಿಲ್ಲ. ಕಾಮಾಲೆ ಅಂತ ಹೇಳುವ," ಎಂದವರು ಅತ್ತೆ ಪೂವಮ್ಮ. ಊರಿಗೂ ಕಾಮಾಲೆ, ಶಾಲೆಗೂ ಕಾಮಾಲೆ, ಕೊನೆಗೆ ಮಗುವಿಗೂ ಕಾಮಾಲೆ. ಸುಳ್ಳು ಹೇಳುವುದು ಸುಲಭ, ಅದಕ್ಕೆ ಪಥ್ಯ ಮಾಡುವುದು ಕಷ್ಟ. ನೆಂಟರು ಬಂದರೆ ಕರಿದ ಹಪ್ಪಳವನ್ನು ಕೂಡ ಅಡಗಿಸಿಡಬೇಕಿತ್ತು, ಕೂದಲು ಉದುರಿದ್ದಕ್ಕೂ ಕಾಮಾಲೆಯದೇ ನೆಪ ಹೇಳಬೇಕಿತ್ತು. ತಂಗಿಯ ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಆ ಸುಳ್ಳನ್ನು ಇಳಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

ದೊಡ್ಡ ಚಿಕಿತ್ಸೆ ಮುಗಿದು ಈಗ ದಿನಾ ಮಾತ್ರೆ ಮಾತ್ರ ಇತ್ತು. ಸೂಜಿ ಚುಚ್ಚುವಾಗಲೆಲ್ಲ ದೀಪ ಕೇಳುತ್ತಿದ್ದದ್ದು ಒಂದೇ, ಜಾತ್ರೆಯಲ್ಲಿ ಮೇಲೆ ಕೆಳಗೆ ಸುತ್ತುವಂಥ ದೊಡ್ಡ ತೊಟ್ಟಿಲಲ್ಲಿ ಕೂರಬೇಕು. ಡಾಕ್ಟರು ಕೊನೆಗೂ ಒಪ್ಪಿದರು. ನೀರಿಗೆ ಇಳಿಯಬಾರದು, ಹೊರಗಿನದು ತಿನ್ನಬಾರದು, ಮಾಸ್ಕ್ ತೆಗೆಯಬಾರದು, ಜ್ವರ ಕಂಡರೆ ಆ ಕ್ಷಣ ಹೊರಡಬೇಕು. ಹರಿಣಾಕ್ಷಿ ಈ ನಾಲ್ಕನ್ನೂ ಜಪದ ಹಾಗೆ ಹೇಳಿಕೊಳ್ಳುತ್ತಲೇ ವೇಣೂರು ದಾಟಿದಳು.

ಮೂಡುಬಿದಿರೆಯ ಆಚೆ, ಗುಡ್ಡ ಕಡಿದು ಮಾಡಿದ ಪಾರ್ಕು. ಗೇಟಿನಲ್ಲೇ ಶಾಲೆಯ ಎರಡು ಬಸ್ಸು ನಿಂತದ್ದು ಕಂಡು ಹರಿಣಾಕ್ಷಿ ಮಗಳ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿದಳು. ಅಷ್ಟು ಮಕ್ಕಳಲ್ಲಿ ಯಾರಿಗೆ ಶೀತ, ಯಾರ ಮನೆಯಲ್ಲಿ ಮೈಮೇಲೆ ಗುಳ್ಳೆ ಏಳುವ ಕೋಟ್ಲೆ, ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಒಬ್ಬ ಸೀನಿದರೆ ಮಗಳನ್ನು ಎಳೆದುಕೊಂಡು ಆಚೆ ಸರಿದಳು. ಕಂಬಿ ಮುಟ್ಟಿದರೆ ಕೈ ಒರೆಸಿದಳು. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟಳು.

"ಅವಳನ್ನು ಸ್ವಲ್ಪ ಬಿಡು ಮಾರಾಯ್ತಿ," ಎಂದ ಅಶೋಕ್.

ತೊಟ್ಟಿಲಲ್ಲಿ ಅಪ್ಪ ಮಗಳು ಕೂತರು. ಕೆಳಗೆ ನಿಂತ ಹರಿಣಾಕ್ಷಿಗೆ ಮೇಲೆ ಟೊಪ್ಪಿ ಮಾತ್ರ ಕಾಣುತ್ತಿತ್ತು. ನಾಲ್ಕನೆಯ ಸುತ್ತಿನಲ್ಲಿ ದೀಪ ಕೈ ಬೀಸಿದಳು, ನಕ್ಕದ್ದು ಕೇಳಿಸಿತು. ಒಂದೂವರೆ ವರ್ಷದಲ್ಲಿ ಕೇಳದ ನಗು ಅದು. ಹರಿಣಾಕ್ಷಿಗೆ ಅಳು ಬಂತು, ಅದರ ಬೆನ್ನಿಗೇ ಹೆದರಿಕೆಯೂ ಬಂತು.

ಇಳಿದ ಮಗು ಎರಡು ಹೆಜ್ಜೆ ಹಾಕಿ ವಾಂತಿ ಮಾಡಿತು. ತಿರುಗಿದ್ದಕ್ಕೆ ಎಂದು ಅಶೋಕ್ ಬೆನ್ನು ಸವರಿದ. ಆದರೆ ವಾಂತಿ ಕಡು ಹಸಿರಾಗಿತ್ತು, ಅರೆದ ಸೊಪ್ಪಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಕೊಟ್ಟದ್ದು ಎರಡು ಇಡ್ಲಿ.

"ಏನು ತಿಂದೆ ದೀಪ? ಸತ್ಯ ಹೇಳು."

"ಕಮಲಕ್ಕ ಕೊಟ್ಟ ಮದ್ದು. ಹಾಲು ತರ್ಲಿಕ್ಕೆ ಹೋದಾಗ. ಮೂರು ದಿನ ಕುಡೀಬೇಕಂತೆ. ಇವತ್ತಿಗೆ ಮುಗೀತು."

ಪಕ್ಕದ ಜೈನರ ಮನೆಯ ಕಮಲಾವತಿ ಊರಿಗೆಲ್ಲ ಕಮಲಕ್ಕ. ಕಾಮಾಲೆಗೆ ಅವರ ಮನೆಯಲ್ಲಿ ತಲೆತಲಾಂತರದಿಂದ ಮದ್ದು ಉಂಟು. ಖಾಲಿ ಹೊಟ್ಟೆಗೆ, ಹಾಲಿನಲ್ಲಿ ಕಲಸಿ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ, ಸೊಪ್ಪಿನ ಹೆಸರು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಮದ್ದು ಹಿಡಿಯುವುದಿಲ್ಲ ಎಂಬ ನಂಬಿಕೆ. ಹಿಂದೆ ಎರಡು ಸಲ ಅವರಾಗಿಯೇ ಮದ್ದು ಕೊಡಲೇ ಎಂದು ಕೇಳಿದ್ದಾಗ ಹರಿಣಾಕ್ಷಿ ಏನೋ ನೆಪ ಹೇಳಿ ಜಾರಿಕೊಂಡಿದ್ದಳು. ಇವಳಿಗೆ ಹಂಗಿಗೆ ಬೀಳಲು ಸಂಕೋಚ ಎಂದುಕೊಂಡು, ವರ್ಷ ಕಳೆದರೂ ಬಿಳಿಚಿಕೊಂಡೇ ಇದ್ದ ಮಗುವಿಗೆ ಆ ಪುಣ್ಯಾತ್ಮರು ಸದ್ದಿಲ್ಲದೆ ಕೊಟ್ಟುಬಿಟ್ಟಿದ್ದರು.

ಹರಿಣಾಕ್ಷಿ ಮಂಗಳೂರಿನ ವಾರ್ಡಿಗೆ ಫೋನ್ ಮಾಡಿ ನರ್ಸ್ ಶಬ್ನಾಳಿಗೆ ಎಲ್ಲ ಹೇಳಿದಳು. "ಅವಳ ಮಾತ್ರೆಯೇ ಲಿವರಿಗೆ ಭಾರ ಹರಿಣಾಕ್ಷಿಯಕ್ಕ. ಅದರ ಮೇಲೆ ನಾಟಿ ಮದ್ದು. ಈಗಲೇ ಹೊರಡಿ. ಯಾವ ಸೊಪ್ಪು ಅಂತ ಕೇಳಿ ಹೇಳಿ, ಡಾಕ್ಟರಿಗೆ ಅದು ಬೇಕು."

ಕಮಲಕ್ಕ ಮೊದಲ ರಿಂಗಿಗೇ ಫೋನ್ ಎತ್ತಿದರು. "ಅದೊಂದು ಮಾತ್ರ ಕೇಳ್ಬೇಡ ಮಗಾ. ನಮ್ಮತ್ತೆಗೆ ಮಾತು ಕೊಟ್ಟಿದ್ದೇನೆ. ಕಾಮಾಲೆಯವರಿಗೆ ಅದರಿಂದ ತೊಂದರೆ ಆದದ್ದೇ ಇಲ್ಲ."

"ಕಾಮಾಲೆ ಅಲ್ಲ ಕಮಲಕ್ಕ."

"ಮತ್ತೆ?"

ಸುತ್ತ ಜನ ಇದ್ದರು. ಪಕ್ಕದಲ್ಲಿ ಅಪ್ಪನ ತೋಳಿಗೆ ಒರಗಿದ ಮಗು ಇತ್ತು. ಒಂದೂವರೆ ವರ್ಷ ಬಾಯಲ್ಲಿ ಹಿಡಿದಿಟ್ಟ ಮಾತು ಅದು. ಹರಿಣಾಕ್ಷಿ ಅಶೋಕನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಅವಳಿಗೆ ರಕ್ತದ ಕ್ಯಾನ್ಸರ್," ಎಂದಳು. "ನಾವು ಎಲ್ಲರಿಗೂ ಸುಳ್ಳು ಹೇಳಿದ್ದು."

ಕಮಲಕ್ಕನ ಸ್ವರದ ಗುರುತೇ ಸಿಗಲಿಲ್ಲ. "ನೆಲನೆಲ್ಲಿ. ಮತ್ತೆ ಒಂದು ಬಳ್ಳಿಯ ಬೇರು. ಅದರ ಹೆಸರು ನಂಗೂ ಗೊತ್ತಿಲ್ಲ, ಅತ್ತೆ ತೋಟದಲ್ಲಿ ತೋರಿಸಿಕೊಟ್ಟದ್ದು. ಅಗೆದು ತರ್ತೇನೆ. ನೀನು ಹೋಗು, ನಾನು ಬಸ್ಸಲ್ಲಿ ಬರ್ತೇನೆ."

ಮೂಡುಬಿದಿರೆಯಿಂದ ಮಂಗಳೂರಿನವರೆಗೆ ಅಶೋಕ್ ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಮಗಳ ಕಣ್ಣಿನ ಬಿಳಿಯಲ್ಲಿ ಹಳದಿ ಉಂಟೋ ಎಂದು ಹರಿಣಾಕ್ಷಿ ಮತ್ತೆ ಮತ್ತೆ ರೆಪ್ಪೆ ಬಿಡಿಸಿ ನೋಡಿದಳು. ಊರಿಗೆಲ್ಲ ಹೇಳಿಕೊಂಡು ಬಂದ ಕಾಮಾಲೆ ಈಗ ನಿಜವಾಗಿ ಬಂದುಬಿಡುತ್ತದೆಯೇ?

ರಕ್ತ ತೆಗೆದರು, ಡ್ರಿಪ್ ಹಾಕಿದರು. ಸಂಜೆಗೆ ರಿಪೋರ್ಟು ಬಂತು. ಲಿವರಿನ ಅಂಶ ನಾಲ್ಕು ಪಟ್ಟು ಏರಿದೆ, ಕ್ಯಾನ್ಸರಿನ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಲೇಬೇಕು ಎಂದರು ಡಾಕ್ಟರು. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳಿ ಬರುತ್ತದೆಯೇ ಎಂದು ಹರಿಣಾಕ್ಷಿ ಕೇಳಿದಳು. "ಕೆಲವು ದಿನ ನಿಲ್ಲಿಸಿದ್ದಕ್ಕೆ ಹಾಗೇನೂ ಆಗ್ಲಿಕ್ಕಿಲ್ಲ. ಆದರೆ ಲಿವರಿನ ಅಂಶ ಬೇಗ ಇಳೀಬೇಕು. ನೋಡುವ," ಎಂದರು. ಅವಳ ಕಿವಿಯಲ್ಲಿ ಉಳಿದದ್ದು 'ನೋಡುವ' ಮಾತ್ರ. ವಾರ್ಡಿನ ಬಾಗಿಲ ಹೊರಗೆ ಕಮಲಕ್ಕ ಕರವಸ್ತ್ರದಲ್ಲಿ ಮಣ್ಣು ಮೆತ್ತಿದ ಬೇರು ಹಿಡಿದುಕೊಂಡು, ಹೋಗಿ ಬರುವ ನರ್ಸುಗಳಿಗೆಲ್ಲ ಬಿಚ್ಚಿ ತೋರಿಸುತ್ತಿದ್ದರು.

ಹರಿಣಾಕ್ಷಿ ಮಂಚದ ಅಂಚಿನಲ್ಲಿ ಕೂತಳು. "ಅಷ್ಟು ಕಹಿ ಇತ್ತಲ್ಲ, ಬೇಡ ಅನ್ಬಹುದಿತ್ತಲ್ಲ ದೀಪ? ನನ್ನತ್ರ ಆದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಕಮಲಕ್ಕನ ಹತ್ರ ಜಗಳಕ್ಕೆ ಹೋಗ್ತಿದ್ದೆ. ಬೇಡ ಅಂದಿದ್ರೆ, ಕಾಮಾಲೆಯವಳು ಮದ್ದು ಯಾಕೆ ಬೇಡ ಅಂತಾಳೆ ಅಂತ ಅವರು ಕೇಳ್ತಿದ್ರು. ಆಗ ಎಲ್ಲರಿಗೂ ಗೊತ್ತಾಗ್ತಿತ್ತು."

"ಏನು ಗೊತ್ತಾಗ್ತಿತ್ತು?"

ದೀಪ ಕಾಲಬುಡದಲ್ಲಿದ್ದ ದಪ್ಪ ಫೈಲಿನ ಕಡೆ ನೋಡಿದಳು. "ಅದನ್ನು ಯಾವಾಗಲೂ ನಾನೇ ಹಿಡ್ಕೊಳ್ಳುವುದಲ್ವಾ ಅಮ್ಮ. ಕಾಯಿಲೆಯ ಹೆಸರು ಮೇಲೆಯೇ ಬರೆದುಂಟು. ನಂಗೆ ಓದ್ಲಿಕ್ಕೆ ಬರ್ತದೆ."